ಮಗಳಿಗೆ ‘ಬ್ಯಾಡ’ ಕಲಿಸಿದ ವರ್ಷ

ನಮ್ಮ ಮಗಳ ಶಾಲೆಯಲ್ಲಿ ಪ್ರತಿ ಜೂನ್ ತಿಂಗಳು ತಂದೆತಾಯಿಯನ್ನು ಕರೆದು ಕೂರಿಸಿ, ಆ ವರ್ಷ ಮಗುವಿಗೆ ಏನೇನು ಕಲಿಸಬೇಕು ಎಂದು ಬರೆಯುತ್ತಾರೆ. ಅಲ್ಲಿಗೆ ಬರುವವರೆಲ್ಲ ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ, ಹಾಗಾಗಿ ಒಂದೊಂದು ಮಗುವಿಗೂ ಬೇರೆ ಯೋಜನೆ. ಅದಕ್ಕೆ ಎಲ್ಲರೂ ಐಇಪಿ ಎನ್ನುತ್ತಾರೆ. ಚಪ್ಪಲಿ ಹಾಕಿಕೊಳ್ಳುವುದು, ಹತ್ತರವರೆಗೆ ಎಣಿಸುವುದು, ಹೆಸರು ಕರೆದರೆ ತಿರುಗಿ ನೋಡುವುದು, ಇಂಥವು ಅದರಲ್ಲಿ ಗುರಿಗಳು. ವರ್ಷದ ಕೊನೆಗೆ ಒಂದೊಂದರ ಮುಂದೆಯೂ ‘ಸ್ವತಂತ್ರವಾಗಿ’ ಅಥವಾ ‘ಸಹಾಯದಿಂದ’ ಎಂದು ಗುರುತು ಹಾಕುತ್ತಾರೆ.

ಮಗಳಿಗೆ ಹದಿಮೂರು ತುಂಬಿದ ವರ್ಷ ಆ ಸಭೆಗೆ ನಾನೊಬ್ಬಳೇ ಹೋಗಿದ್ದೆ. ಹೋಗುವಾಗ ನನ್ನ ತಲೆಯಲ್ಲಿ ಒಂದೇ ಗುರಿ ಇತ್ತು. ಮುಟ್ಟು ಬಂದಾಗ ಅವಳು ತನ್ನದನ್ನು ತಾನೇ ನೋಡಿಕೊಳ್ಳುವಂತಾಗಬೇಕು. ಅಷ್ಟನ್ನು ಕಲಿಸಿಬಿಟ್ಟರೆ ಓದು, ಲೆಕ್ಕ ಏನೂ ಬೇಡ ಎಂದು ಹೇಳಿಬಿಡುವುದು ಎಂದುಕೊಂಡಿದ್ದೆ.

ನಾವು ಭಾಲ್ಕಿ ಕಡೆಯವರು. ನನ್ನ ಗಂಡ ನಾಶಿಕಿನ ಅಂಬಡ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆ. ಒಬ್ಬಳೇ ಮಗಳು. ಅವಳಿಗೆ ಬರುವ ಮಾತುಗಳು ಕಡಿಮೆ. ಅದರಲ್ಲಿ ಅರ್ಧ ಮನೆಯ ಕನ್ನಡ, ಅರ್ಧ ಶಾಲೆಯ ಮರಾಠಿ. ಅಪ್ಪನ ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ಕಂಪನಿ ಬಸ್ಸುಗಳಿಗೆ ಕೈ ಬೀಸುವುದೆಂದರೆ ಅವಳಿಗೆ ಬಲು ಇಷ್ಟ.

ಮೊದಲ ಸಲ ಮುಟ್ಟಾದಾಗ ಅವಳು ಹೆದರಲಿಲ್ಲ, ಅಳಲೂ ಇಲ್ಲ. ಅದು ತನಗೆ ಸಂಬಂಧಪಟ್ಟದ್ದೇ ಅಲ್ಲವೆಂಬಂತೆ ಶೇಂಗಾ ಸುಲಿಯುತ್ತಾ ಕೂತಿದ್ದಳು. ಪ್ಯಾಡ್ ಕಟ್ಟಿದರೆ ಕಿತ್ತು ಕಿಟಕಿಯಲ್ಲಿ ಇಡುತ್ತಿದ್ದಳು. ಶಾಲೆಯ ವ್ಯಾನಿನ ಸೀಟು ಕೆಟ್ಟಿತೆಂದು ಡ್ರೈವರ್ ಮೂರನೆಯ ತಿಂಗಳೇ ತಕರಾರು ತೆಗೆದ. ಆ ದಿನಗಳಲ್ಲಿ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳತೊಡಗಿದೆ.

ಸಭೆಯಲ್ಲಿ ನಾನು ನನ್ನ ಗುರಿಯನ್ನು ಹೇಳಿದೆ. ಮುಖ್ಯಾಧ್ಯಾಪಕಿ ಪೆನ್ನು ಕೆಳಗಿಟ್ಟರು. “ಇದನ್ನೆಲ್ಲ ಕಾಗದದ ಮೇಲೆ ಹೇಗೆ ಬರೆಯುವುದು ತಾಯಿ? ತಪಾಸಣೆಗೆ ಬರುವವರು ಗಂಡಸರು. ಇದು ಮನೆಯಲ್ಲಿ ನೀವು ಕಲಿಸಬೇಕಾದ್ದು,” ಎಂದು ಮರಾಠಿಯಲ್ಲಿ ಮೆಲ್ಲಗೆ, ಬಾಗಿಲ ಕಡೆ ನೋಡುತ್ತಾ ಹೇಳಿದರು. ಪಕ್ಕದಲ್ಲಿ ಮಗಳ ಟೀಚರ್ ಕೂತಿದ್ದರು. ವಿಶೇಷ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಹಿಂದಿನ ವರ್ಷವಷ್ಟೇ ಸೇರಿದ್ದ ಹುಡುಗಿ, ನನಗಿಂತ ತುಂಬಾ ಚಿಕ್ಕವರು. ಅವರು ಗುರಿಯ ಸಾಲಿನಲ್ಲಿ ‘ಸ್ವಂತ ಸ್ವಚ್ಛತೆ’ ಎಂದು ಬರೆದು ಕಾಗದ ನನ್ನ ಕಡೆ ತಿರುಗಿಸಿದರು. ಹೊರಗೆ ಬಂದ ಮೇಲೆ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು, “ಅದರ ಅಡಿಯಲ್ಲಿ ಇದನ್ನೇ ಕಲಿಸೋಣ. ಮನೆಯಲ್ಲಿ ನೀವು, ಇಲ್ಲಿ ನಾನು. ಆದರೆ ಇಬ್ಬರೂ ಒಂದೇ ಶಬ್ದ ಬಳಸಬೇಕು, ಇಲ್ಲದಿದ್ದರೆ ಅವಳಿಗೆ ಗೊಂದಲ,” ಎಂದರು.

ಯಾವ ಶಬ್ದ ಎಂಬುದೇ ಕಷ್ಟವಾಯಿತು. ನಮ್ಮ ಮನೆಯಲ್ಲಿ ಇದನ್ನು ಹೆಸರು ಹಿಡಿದು ಯಾರೂ ಹೇಳಿದವರಲ್ಲ, ‘ಹೊರಗ ಕುಂತಾಳ’ ಎನ್ನುವುದೇ ರೂಢಿ. ಅದನ್ನು ಹೇಳಿದರೆ ಮಗಳು ನಿಜವಾಗಿಯೂ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೊನೆಗೆ ಮರಾಠಿಯವರು ಹೇಳುವ ‘ಪಾಳಿ’ ಎಂಬುದನ್ನೇ ಇಟ್ಟುಕೊಂಡೆವು. ಟೀಚರ್ ಒಂದು ಹಳೆಯ ಚಡ್ಡಿಗೆ ಕೆಂಪು ಬಣ್ಣ ಹಚ್ಚಿ ತೋರಿಸಿದರು. ಬಚ್ಚಲ ಗೋಡೆಗೆ ಅಂಟಿಸಲು ಚಿತ್ರಗಳನ್ನು ಮಾಡಿಕೊಟ್ಟರು. ತೆಗೆ, ಸುತ್ತು, ಡಬ್ಬಿಗೆ ಹಾಕು, ಕೈ ತೊಳೆ. ದಿನವೂ ಸಂಜೆ ನಾನು ಅವಳನ್ನು ನಿಲ್ಲಿಸಿಕೊಂಡು ಇದನ್ನೇ ಮಾಡಿಸುತ್ತಿದ್ದೆ. ಆದರೆ ನಮ್ಮಲ್ಲಿ ಪಾಳಿ ಎಂದರೆ ಕಾರ್ಖಾನೆಯ ಸರದಿಯೂ ಹೌದು ಎಂಬುದು ನನಗಾಗಲಿ ಟೀಚರ್‌ಗಾಗಲಿ ಹೊಳೆದಿರಲಿಲ್ಲ. ಒಂದು ದಿನ ಗಂಡ ಬುತ್ತಿ ಕೇಳುತ್ತಾ, “ಲಗೂನ ಕೊಡು, ನಂದು ಎರಡನೇ ಪಾಳಿ ಅದ,” ಅಂದರು. ಮಗಳು ಎದ್ದು ಓಡಿ, ಕಪಾಟಿನಿಂದ ಪ್ಯಾಡ್ ತಂದು ಅವರ ಕೈಯಲ್ಲಿಟ್ಟಳು. ಆ ದಿನ ನಾವಿಬ್ಬರೂ ನಕ್ಕೆವು. ಆ ವರ್ಷ ನಕ್ಕದ್ದು ಬಹುಶಃ ಅದೊಂದೇ ಸಲ.

ಗಂಡನಿಗೆ ಒಬ್ಬ ಅಕ್ಕ ಇದ್ದಾರೆ. ಬಸ್ಸಿನಲ್ಲಿ ನಾಲ್ಕೈದು ತಾಸು ದೂರದ ಸಂಭಾಜಿನಗರದಲ್ಲಿ, ವಾಳೂಜ್ ಬದಿಗೆ ಮಗ ಸೊಸೆಯ ಜೊತೆ ಇರುತ್ತಾರೆ. ಅವರ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ತಾಯಿ ಇಲ್ಲದ ನನ್ನ ಗಂಡನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಮಗಳ ಮೇಲೂ ಜೀವ. ನಾವಿಬ್ಬರೂ ಇಲ್ಲದ ಕಾಲಕ್ಕೆ ಮಗಳು ಎಲ್ಲಿರಬೇಕು ಎಂಬ ಮಾತು ಬಂದಾಗಲೆಲ್ಲ ಅವರು, “ನಾ ಇಲ್ಲೇನು? ನಾ ಹೋದ್ರ ನನ್ನ ಸೊಸಿ ಇದ್ದಾಳ. ಈ ಮನಿಯಾಗ ಆಕಿಗಿ ಜಾಗ ಅದ,” ಎನ್ನುತ್ತಿದ್ದರು. ನಮಗೆ ಬೇರೆ ಯಾರೂ ಇರಲಿಲ್ಲ. ನನ್ನ ತವರಿನಲ್ಲಿ ಅಣ್ಣಂದಿರು ವರ್ಷಕ್ಕೊಮ್ಮೆ ಸೀರೆ ಕಳಿಸುತ್ತಾರೆ, ಅಷ್ಟೇ. ಆ ಒಂದು ಮಾತಿನ ಮೇಲೆ ನಾವು ನಿದ್ದೆ ಮಾಡುತ್ತಿದ್ದೆವು.

ದೀಪಾವಳಿಗೆ ಅವರು ಬಂದರು. ಹಬ್ಬದ ದಿನವೇ ಮಗಳಿಗೆ ಮುಟ್ಟಾಯಿತು. ನಾನು ಉಂಡೆ ಕಟ್ಟುತ್ತಿದ್ದೆ, ನೋಡಿಕೊಳ್ಳಲಾಗಲಿಲ್ಲ. ಅವಳು ಹೊಸ ಲಂಗದಲ್ಲೇ ಬಾಗಿಲಿಗೆ ಹೋಗಿ, ಪಟಾಕಿ ಹಚ್ಚುತ್ತಿದ್ದ ಓಣಿಯವರ ನಡುವೆ ನಿಂತಿದ್ದಳು. ಅಕ್ಕ ಅವಳನ್ನು ಎಳೆದುಕೊಂಡು ಬಂದು, ತಾವೇ ತೊಳೆದು, ಬೇರೆ ಬಟ್ಟೆ ಹಾಕಿ ಕೂರಿಸಿದರು. ಆಮೇಲೆ ನನ್ನನ್ನೂ ತಮ್ಮನನ್ನೂ ಒಳಗೆ ಕರೆದರು.

“ನಮ್ಮಲ್ಲಿ ಒಬ್ರು ಡಾಕ್ಟರ್ ಇದ್ದಾರ. ಇಂಥ ಹುಡುಗ್ಯಾರಿಗಿ ಗರ್ಭಕೋಶ ತೆಗೀತಾರ. ಒಂದ್ಸಲ ಆಪರೇಷನ್ ಆದ್ರ ತಿಂಗಳ ತಿಂಗಳ ಈ ತ್ರಾಸ ಇಲ್ಲ. ಮಾಡ್ಸಿಬಿಡ್ರಿ.”

ಗಂಡನಿಗಿಂತ ಮೊದಲು ನಾನೇ ಹೇಳಿದೆ. “ಶಾಲ್ಯಾಗ ಕಲಸ್ಲಾಕತ್ತಾರ್ರೀ ಅಕ್ಕಾರ. ಒಂದ್ ವರ್ಷ ನೋಡೋಣು.”

“ಕಲೀಲಿಲ್ಲ ಅಂದ್ರ? ನನ್ನ ಸೊಸಿ ತೊಳೀತಾಳೇನು? ಮತ್ತ ಬರೀ ತೊಳ್ಯೋದಷ್ಟೇ ಅಂತ ತಿಳ್ಕೊಂಡೀ ಏನ್?” ಅವರ ದನಿ ಇಳಿಯಿತು. “ನಮ್ಮ ಓಣ್ಯಾಗ ಇಂಥಾದೇ ಒಂದು ಹುಡುಗಿ ಇತ್ತು. ಹೊಟ್ಟಿ ಕಾಣೋತನಕ ಯಾರಿಗೂ ಗೊತ್ತಾಗ್ಲಿಲ್ಲ. ಯಾರು ಮಾಡಿದ್ದು ಅಂತ ಹೇಳ್ಲಾಕ ಆಕಿಗಿ ಬಾಯಿ ಇರ್ಲಿಲ್ಲ. ನಾ ಕಣ್ಣಾರೆ ನೋಡೀನಿ. ನಾ ಇಕಿನ್ನ ಇಟ್ಕೋತೀನಿ, ಆಣಿ ಮಾಡಿ ಹೇಳ್ತೀನಿ. ಆದ್ರ ಇದೊಂದು ಮಾಡ್ಸಿಕೊಡ್ರಿ. ಇಲ್ಲಂದ್ರ ನನ್ನ ಕೈಲಾಗಲ್ಲ.”

ಅವರು ಅಳುತ್ತಿದ್ದರು. ಕೆಟ್ಟ ಮನಸ್ಸಿನವರಾಗಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಮರುವಾರ ನಾನು ಇದನ್ನು ಟೀಚರ್‌ಗೆ ಹೇಳಿದೆ. ಅವರು, “ನಿರ್ಧಾರ ನಿಮ್ಮದು. ಆದರೆ ಒಂದು ಮಾತು. ಆಪರೇಷನ್ನಿಂದ ಬಸಿರು ತಪ್ಪಬಹುದು. ಅವಳ ಮೈ ಮೇಲೆ ಕೈ ಹಾಕುವವನು ತಪ್ಪುವುದಿಲ್ಲ. ಅವನಿಗೆ ಹೆದರಿಕೆ ಒಂದು ಕಡಿಮೆಯಾಗುತ್ತದೆ, ಅಷ್ಟೇ,” ಎಂದರು. ಆ ಮಾತು ಕೇಳಿ ನನಗೆ ಅವರ ಮೇಲೇ ಸಿಟ್ಟು ಬಂತು. ಮದುವೆಯಾಗದ ಹುಡುಗಿ, ನಾಳೆ ಬೇರೆ ಊರಿಗೆ ಹೋಗುವವಳು. ನನ್ನ ಮಗಳನ್ನು ಇವಳೇನು ಮನೆಯಲ್ಲಿಟ್ಟುಕೊಳ್ಳುತ್ತಾಳೆಯೇ?

ಅಂದಿನಿಂದ ನಾನು ಹಟ ಹಿಡಿದು ಕಲಿಸತೊಡಗಿದೆ. ಮಗಳು ಕಲಿತರೆ ಅಕ್ಕನ ಬಾಯಿ ಮುಚ್ಚುತ್ತದೆ, ಆಪರೇಷನ್ನೂ ಬೇಡ, ಜಾಗವೂ ಉಳಿಯುತ್ತದೆ ಎಂಬ ಲೆಕ್ಕ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಬಚ್ಚಲ ಗೋಡೆಯ ಚಿತ್ರ ತೋರಿಸಿ ತೋರಿಸಿ ನನ್ನ ಬಾಯಿ ಒಣಗುತ್ತಿತ್ತು. ಅಭ್ಯಾಸದಲ್ಲಿ ಅವಳು ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದಳು. ನಿಜವಾಗಿ ಆದ ದಿನ ಮಾತ್ರ ಏನೂ ನೆನಪಿರುತ್ತಿರಲಿಲ್ಲ. ನಾನು ಕೂಗಾಡುತ್ತಿದ್ದೆ. ನಾನು ಕೂಗಿದಷ್ಟೂ ಅವಳು ನಗುತ್ತಿದ್ದಳು. ಪ್ರತಿ ತಿಂಗಳೂ ಟೀಚರ್ ಫೋನಿನಲ್ಲಿ, “ಹೇಗಾಯಿತು?” ಎಂದು ಕೇಳುತ್ತಿದ್ದರು. ಪ್ರತಿ ತಿಂಗಳೂ ‘ಸಹಾಯದಿಂದ’ ಎಂದೇ ಹೇಳಬೇಕಾಗುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಅಕ್ಕ ಡಾಕ್ಟರ ಹತ್ತಿರ ದಿನ ಕೇಳಿಟ್ಟು ಫೋನ್ ಮಾಡಿದರು. ಗಂಡ ರಜೆ ಹಾಕಿದರು. “ಬರೀ ತೋರ್ಸಿಕೊಂಡು ಬರೋಣು. ಮಾಡ್ಸೋದು ಬಿಡೋದು ಆಮ್ಯಾಲ,” ಎಂದು ನನಗೆ ಹೇಳಿದರು. ಇಬ್ಬರಿಗೂ ಗೊತ್ತಿತ್ತು, ಅಲ್ಲಿ ತನಕ ಹೋದ ಮೇಲೆ ಅಕ್ಕನ ಎದುರು ಇಲ್ಲವೆನ್ನುವ ಧೈರ್ಯ ನಮ್ಮಿಬ್ಬರಿಗೂ ಇಲ್ಲವೆಂದು.

ಠಕ್ಕರ್ ಬಜಾರಿನ ಸ್ಟ್ಯಾಂಡಿನಲ್ಲಿ ಸರ್ಕಾರಿ ಎಸ್‌ಟಿ ಬಸ್ಸು ಹತ್ತಿದೆವು. ಮಗಳು ಕಿಟಕಿಯ ಬಳಿ ಕೂತು ಎದುರಿಗೆ ಬಂದ ಲಾರಿಗಳಿಗೆಲ್ಲ ಕೈ ಬೀಸುತ್ತಿದ್ದಳು. ಯೇವಲೆ ದಾಟುವಷ್ಟರಲ್ಲಿ ಬಿಸಿಲು ಏರಿತು. ವೈಜಾಪುರದಲ್ಲಿ ಇಳಿಸಿ ನೀರು ಕುಡಿಸೋಣವೆಂದು ಎಬ್ಬಿಸಿದಾಗ ಕಂಡಿತು, ದಿನಕ್ಕಿಂತ ಮುಂಚೆಯೇ ಆಗಿತ್ತು. ಲಂಗ, ಸೀಟು, ಎಲ್ಲ. ಅವಳು ಒಂದು ಮಾತೂ ಹೇಳಿರಲಿಲ್ಲ. ನಾನು ನನ್ನ ಸೀರೆಯ ಸೆರಗು ಅವಳ ಸುತ್ತ ಸುತ್ತಿಕೊಂಡು ಸ್ಟ್ಯಾಂಡಿನ ಶೌಚಾಲಯಕ್ಕೆ ಓಡಿದೆ. ಅಲ್ಲಿ ಬಾಗಿಲಿಗೆ ಚಿಲಕ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಹಿಡಿದು ಇನ್ನೊಂದು ಕೈಯಲ್ಲಿ ಅವಳನ್ನು ತೊಳೆದೆ. ಹೊರಗೆ ಗಂಡ ಕಂಡಕ್ಟರನ ಹತ್ತಿರ ಕೈಮುಗಿದು ಬಸ್ಸು ನಿಲ್ಲಿಸಿಕೊಂಡಿದ್ದರು. ತಮ್ಮ ಟವೆಲ್ಲಿನಿಂದ ಸೀಟು ಒರೆಸುತ್ತಿದ್ದ ಅವರನ್ನು ಬಸ್ಸಿನವರೆಲ್ಲ ನೋಡುತ್ತಿದ್ದರು. ಮತ್ತೆ ಕೂತ ಮೇಲೆ ಅವರು ನನ್ನ ಮುಖ ನೋಡದೆ, “ಮಾಡ್ಸಿಬಿಡೋಣು,” ಅಂದರು. ನಾನು ಹೂಂ ಅಂದೆ. ನಿಜ ಹೇಳುತ್ತೇನೆ, ಹಾಗನ್ನುವಾಗ ಎದೆ ಹಗುರಾಗಿತ್ತು.

ಅಂದು ಸಂಜೆಯೇ ಅಕ್ಕನ ಜೊತೆ ಆಸ್ಪತ್ರೆಗೆ ಹೋದೆವು. ಸಣ್ಣ ಖಾಸಗಿ ಆಸ್ಪತ್ರೆ, ಕೆಳಗೆ ಔಷಧಿ ಅಂಗಡಿ. ಡಾಕ್ಟರು ಸಮಾಧಾನದ ಮನುಷ್ಯ. ಹಳೆಯ ಕಾಗದಗಳನ್ನು ನೋಡಿ, ಮೊದಲು ಕೆಲವು ಪರೀಕ್ಷೆಗಳಾಗಲಿ ಎಂದರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ನರ್ಸ್ ಬಂದು ಸೂಜಿ ತೋರಿಸಿದಳು. ಮಗಳು ತಾನಾಗಿಯೇ ಅಂಗಿಯ ತೋಳು ಮೇಲೇರಿಸಿ ಕೈ ಚಾಚಿದಳು. “ಎಷ್ಟು ಶಾಣ್ಯಾ ಹುಡುಗಿ!” ಎಂದು ಅಕ್ಕ ತಲೆ ಸವರಿದರು. ನನಗೂ ಹೆಮ್ಮೆಯೇ ಆಯಿತು.

ಸ್ವಲ್ಪ ಹೊತ್ತಿಗೆ ನಾನು ಕೆಳಗೆ ನೀರಿನ ಬಾಟಲಿ ತರಲು ಹೋದೆ. ಗಂಡ ಕೌಂಟರಿನಲ್ಲಿದ್ದರು. ಅಕ್ಕನಿಗೆ ಮಗನ ಫೋನ್ ಬಂದು ಕಿಟಕಿಯ ಕಡೆ ಸರಿದಿದ್ದರು. ಮೇಲೆ ಬಂದು ನೋಡಿದರೆ ಬೆಂಚು ಖಾಲಿ. ಕಾರಿಡಾರಿನ ಆ ತುದಿಯಲ್ಲಿ ಖಾಕಿ ಬಣ್ಣದ ಅಂಗಿಯ ಒಬ್ಬ ಗಂಡಸು ನನ್ನ ಮಗಳ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ. ಅವಳು ಹಿಂದೆ ತಿರುಗಿ ನೋಡಲಿಲ್ಲ. ಇಬ್ಬರೂ ಒಂದು ಕೋಣೆಗೆ ಹೋದರು, ಬಾಗಿಲು ಮುಚ್ಚಿತು.

ನಾನು ಓಡಿದ್ದು ನೆನಪಿದೆ, ಕೂಗಿದೆನೋ ಇಲ್ಲವೋ ತಿಳಿಯದು. ಬಾಗಿಲು ತಳ್ಳಿದರೆ ಒಳಗೆ ಮಗಳು ತೂಕದ ಯಂತ್ರದ ಮೇಲೆ ನೆಟ್ಟಗೆ ನಿಂತಿದ್ದಳು. ಆತ ಆಸ್ಪತ್ರೆಯ ಕೆಲಸದವ, ವಯಸ್ಸಾದವ. ನನ್ನನ್ನು ನೋಡಿ ಅವನೇ ಗಾಬರಿಯಾದ. “ವಜನ ಮಾಡಬೇಕಿತ್ತು ತಾಯಿ. ಬಾ ಅಂದೆ, ಬಂದಳು,” ಎಂದ.

ಬಾ ಅಂದರೆ ಬಂದಳು. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಬಾ ಅಂದರೆ ಬರುವುದು, ಕೂತುಕೋ ಅಂದರೆ ಕೂರುವುದು, ಕೈ ಕೊಡು ಅಂದರೆ ಕೊಡುವುದು. ಅವಳ ಆರನೆಯ ವಯಸ್ಸಿನಿಂದ ಪ್ರತಿ ಐಇಪಿಯಲ್ಲೂ ಮೊದಲ ಗುರಿ ಅದೇ. ‘ಹೇಳಿದ ಮಾತು ಪಾಲಿಸುತ್ತಾಳೆ’ ಎಂಬುದರ ಮುಂದೆ ‘ಸ್ವತಂತ್ರವಾಗಿ’ ಎಂದು ಗುರುತು ಬಿದ್ದ ವರ್ಷ ನಾವು ಶಾಲೆಗೆಲ್ಲ ಪೇಢೆ ಹಂಚಿದ್ದೆವು. ಯಂತ್ರದಿಂದ ಇಳಿ ಎಂದು ಹೇಳಿರಲಿಲ್ಲವಾದ್ದರಿಂದ ಅವಳು ಇನ್ನೂ ಅಲ್ಲೇ ನಿಂತಿದ್ದಳು. ಓಣಿಯ ಆ ಹುಡುಗಿಯ ಬಗ್ಗೆ ಅಕ್ಕ ಹೇಳಿದ್ದೂ, ಟೀಚರ್ ಹೇಳಿದ ಮಾತೂ ನನಗೆ ಆಗ ಅರ್ಥವಾದವು. ಗರ್ಭಕೋಶ ತೆಗೆಸಿದರೂ ಇವಳು ಹೀಗೆಯೇ ಯಾರ ಹಿಂದೆ ಬೇಕಾದರೂ ಹೋಗುತ್ತಾಳೆ. ಆಮೇಲೆ ಏನಾಯಿತೆಂದು ನಮಗೆ ತಿಳಿಯುವ ದಾರಿಯೂ ಉಳಿಯುವುದಿಲ್ಲ.

ಅವಳನ್ನು ಇಳಿಸಿಕೊಂಡು ಹೊರಗೆ ಬಂದೆ. “ಇವತ್ತೇ ಊರಿಗಿ ಹೋಗೋಣ್ರಿ. ನಾ ಇದು ಮಾಡ್ಸೋದಿಲ್ಲ,” ಎಂದು ಗಂಡನಿಗೆ ಹೇಳಿದೆ.

“ಬಸ್ಸಿನ್ಯಾಗ ಹೂಂ ಅಂದಿ?”

“ಅಂದಿದ್ದೆ.”

“ಅಕ್ಕಗ ಏನಂತ ಹೇಳ್ಲಿ?” ಅವರ ಕಣ್ಣು ತುಂಬಿದವು. “ನಾಳಿ ನಾವಿಲ್ಲಂದ್ರ ಇಕಿ ಎಲ್ಲಿಗಿ ಹೋಗ್ಬೇಕು? ಅದಾದ್ರೂ ಹೇಳು.”

ನಾನು ಮಗಳ ಕೈ ಹಿಡಿದು ಮೆಟ್ಟಿಲು ಇಳಿದೆ.

ಅಕ್ಕ ಜಗಳ ಮಾಡಲಿಲ್ಲ. ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡು ತಲೆ ಬಾಚಿ, ಎರಡು ಜಡೆ ಹಾಕಿದರು. ಹೆಣೆಯುತ್ತಲೇ, ನನ್ನ ಕಡೆ ತಿರುಗದೆ, “ಹಡದಕಿ ನೀನು, ನಿನಗ ತಿಳದಂಗ ಮಾಡು. ಆದ್ರ ಇನ್ನ ಮ್ಯಾಲ ನನ್ನ ಮ್ಯಾಲ ಭರೋಸ ಇಡಬ್ಯಾಡ್ರಿ. ಆಗಲ್ದು ಆಗ್ತದ ಅಂತ ನಾ ಸುಳ್ಳು ಹೇಳಲ್ಲ,” ಎಂದರು. ಹೊರಡುವಾಗ ಬಾಗಿಲಿಗೆ ಬರಲಿಲ್ಲ. ಈಗ ಫೋನ್ ಮಾಡಿದರೂ ತಮ್ಮನಿಗೆ ಮಾಡುತ್ತಾರೆ, ಅವರು ಕಾರ್ಖಾನೆಯಲ್ಲಿರುವ ಹೊತ್ತು ನೋಡಿ. ಮಗಳ ಬಗ್ಗೆ ಕೇಳುತ್ತಾರಂತೆ, ನನ್ನ ಬಗ್ಗೆ ಇಲ್ಲ.

ಮುಂದಿನ ಜೂನ್ ಸಭೆಯಲ್ಲಿ ನಾನು ಕೇಳಿದ್ದು ಒಂದೇ. ಅವಳಿಗೆ ಇಲ್ಲವೆನ್ನುವುದನ್ನು ಕಲಿಸಿ. ಮುಖ್ಯಾಧ್ಯಾಪಕಿಗೆ ಇದರಲ್ಲಿ ಬರೆಯಬಾರದ್ದೇನೂ ಕಾಣಲಿಲ್ಲ, ಒಪ್ಪಿದರು. ಮರಾಠಿಯ ‘ನಕೋ’ ಬೇಡ, ಮನೆಯ ‘ಬ್ಯಾಡ’ ಇರಲಿ, ಅದನ್ನು ಅವಳು ಜೋರಾಗಿ ಹೇಳಬಲ್ಲಳು ಎಂದು ಟೀಚರ್ ಹೇಳಿದರು. ಅವಳಿಗೆ ಸೇರದ ಹಾಗಲಕಾಯಿ ಪಲ್ಯವನ್ನು ಎದುರಿಗಿಟ್ಟು, ಅವಳು ಬ್ಯಾಡ ಅನ್ನುವವರೆಗೂ ತೆಗೆಯುತ್ತಿರಲಿಲ್ಲ. ಅಂದ ಕೂಡಲೇ ತೆಗೆದು ಬೆನ್ನು ತಟ್ಟುತ್ತಿದ್ದರು. ಆಮೇಲೆ, ಯಾರಾದರೂ ಕೈ ಹಿಡಿದು ಎಳೆದರೆ ಬ್ಯಾಡ ಎಂದು ಕೈ ಬಿಡಿಸಿಕೊಳ್ಳುವುದು. ನಾವು ಮನೆಯಲ್ಲೂ ಹಾಗೇ ಮಾಡಿದೆವು. ಶ್ರಾವಣದ ಹೊತ್ತಿಗೆ ಅವಳು ಕಲಿತಳು. ಎಷ್ಟೋ ವರ್ಷಗಳಲ್ಲಿ ಇಷ್ಟು ಬೇಗ ಏನನ್ನೂ ಕಲಿತಿರಲಿಲ್ಲ.

ಕಲಿತ ಮೇಲೆ ನಿಲ್ಲಿಸಲಿಲ್ಲ. ಸ್ನಾನಕ್ಕೆ ಬ್ಯಾಡ, ಬಾಚಣಿಗೆಗೆ ಬ್ಯಾಡ, ವ್ಯಾನಿಗೆ ಬ್ಯಾಡ. ಮುಟ್ಟಾದಾಗ ನಾನು ಹತ್ತಿರ ಹೋದರೆ ಬ್ಯಾಡ. ಟೀಚರ್ ಹೇಳಿದ್ದರು, ಅವಳು ಬ್ಯಾಡ ಅಂದಾಗ ಸಾಧ್ಯವಾದಷ್ಟೂ ನಿಲ್ಲಿಸಿ, ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲವೆಂದು ತಿಳಿಯುತ್ತಾಳೆ ಎಂದು. ನಾನು ಬಚ್ಚಲ ಹೊರಗೆ ಪ್ಯಾಡ್ ಹಿಡಿದುಕೊಂಡು ಕೂರುತ್ತಿದ್ದೆ. ಒಳಗಿಂದ ನೀರು ಸುರಿಯುವ ಸದ್ದು, ಅವಳ ಹಟ. ಒಂದು ದಿನ ಅವಳ ಅಪ್ಪ ಸಿಟ್ಟಿನಿಂದ ಕೈ ಎತ್ತಿದರು. ಅವಳು ಅವರ ಮುಖಕ್ಕೆ ಮುಖ ಕೊಟ್ಟು ಬ್ಯಾಡ ಎಂದು ಕಿರುಚಿದಳು. ಅವರು ಎತ್ತಿದ ಕೈಯನ್ನು ತಾವೇ ನೋಡಿಕೊಂಡು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೆಳಗಿನ ಮನೆಯ ಅಜ್ಜಿ ಸತ್ಯನಾರಾಯಣನ ಪ್ರಸಾದ ತಂದು ಬಾಯಿಗಿಡಲು ಹೋದಾಗ, ಮಗಳು ಅವರ ಕೈ ತಳ್ಳಿದಳು, ಪ್ರಸಾದ ನೆಲಕ್ಕೆ ಬಿತ್ತು. ನಾನು ಎಷ್ಟು ವಿವರಿಸಿದರೂ ಅಜ್ಜಿ ಮಾತು ಬಿಟ್ಟರು.

ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವುದಿಲ್ಲ, ಸಾಲಿನಲ್ಲಿ ಬರುವುದಿಲ್ಲ ಎಂದು ದೂರು ಶುರುವಾಯಿತು. ಜನವರಿಯಲ್ಲಿ ಟೀಚರ್ ಮದುವೆಯಾಗಿ ಪುಣೆಗೆ ಹೋದರು. ಹೋಗುವ ಮುಂಚೆ ಮನೆಗೆ ಬಂದು, “ಇದು ಕೆಲವು ದಿನ ಹೀಗೇ ಇರುತ್ತದೆ. ಎಲ್ಲಿ ಹೇಳಬೇಕು, ಎಲ್ಲಿ ಬೇಡ ಎಂಬುದನ್ನು ಆಮೇಲೆ ಕಲಿಸಬೇಕು. ನಾನಿದ್ದಿದ್ದರೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರು ಹೋದ ಮೇಲೆ ಮಗಳಿಗೆ ಶಾಲೆ ಅರ್ಧ ದಿನವಾಯಿತು.

ಈ ಸಲದ ಸಭೆಗೆ ನಾವಿಬ್ಬರೂ ಹೋಗಿದ್ದೆವು. ಹೊಸ ಟೀಚರ್ ಯೋಜನೆಯನ್ನು ಮೊದಲೇ ಬರೆದಿಟ್ಟಿದ್ದರು. ಮೊದಲ ಗುರಿ: ವಿರೋಧಿಸುವುದನ್ನು ಕಡಿಮೆ ಮಾಡುವುದು. ನಾನು ಅದನ್ನು ಎರಡು ಸಲ ಓದಿದೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ನನ್ನ ಒಡಕು ಮರಾಠಿಯಲ್ಲಿ ಹೇಳಲು ನೋಡಿದೆ. ಅವರು ಕೇಳಿಸಿಕೊಂಡರು, ಬೇಸರಪಟ್ಟುಕೊಂಡರು, ಆದರೆ ತರಗತಿಯಲ್ಲಿ ಬೇರೆ ಮಕ್ಕಳೂ ಇದ್ದಾರಲ್ಲ ಎಂದರು. ಅದೂ ನಿಜವೇ. ಸಹಿ ಮಾಡದಿದ್ದರೆ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಾದೀತು ಎಂದು ಮುಖ್ಯಾಧ್ಯಾಪಕಿ ಸಿಟ್ಟಿಲ್ಲದೆಯೇ ಹೇಳಿದರು. ಗಂಡ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, “ಸೋಮವಾರ ತಂದು ಕೊಡ್ತೀವ್ರಿ,” ಎಂದು ಮರೆತು ಕನ್ನಡದಲ್ಲೇ ಹೇಳಿ ಎದ್ದರು.

ಇವತ್ತು ಶನಿವಾರ. ಕಾಗದ ಟಿವಿಯ ಮೇಲಿದೆ. ಸಹಿ ಮಾಡೋಣವೇ ಎಂದು ನಾನೂ ಕೇಳಿಲ್ಲ, ಅವರೂ ಕೇಳಿಲ್ಲ. ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ಊಟಕ್ಕೆ ಬಾ ಎಂದು ಕರೆದೆ, ಬ್ಯಾಡ ಅಂದಳು, ಬರಲಿಲ್ಲ. ಮತ್ತೊಮ್ಮೆ ಕರೆಯಬೇಕು.